ನಾತ ತಿನ್ನುವ ತೊಟ್ಟಿ

ನಮ್ಮ ದೊಡ್ಡಪ್ಪ ಅಂಟಿನ ಕಾರ್ಖಾನೆಯಲ್ಲಿ ಕ್ರಿಮಿಗಳನ್ನು ಸಾಕುತ್ತಿದ್ದ. ದೊಡ್ಡಮ್ಮ ಆಸ್ಪತ್ರೆಯಲ್ಲಿ ಕ್ರಿಮಿಗಳನ್ನು ಕೊಲ್ಲುತ್ತಿದ್ದಳು. ಇಬ್ಬರಿಗೂ ತಿಂಗಳಾದರೆ ಸಂಬಳ ಬರುತ್ತಿತ್ತು. ಮನೆಯಲ್ಲಿ ಕೆಲಸದ ಮಾತು ಎತ್ತಬಾರದು ಅಂತ ಯಾವಾಗಲೋ ಒಪ್ಪಂದವಾಗಿದ್ದರಿಂದ ಸಂಸಾರ ಚೆನ್ನಾಗಿಯೇ ನಡೆದಿತ್ತು. ನಾನು ದೊಡ್ಡಪ್ಪನ ತಮ್ಮನ ಮಗಳು. ನಾವು ಅದೇ ಕಟ್ಟಡದ ಮೇಲಿನ ಮನೆಯಲ್ಲಿದ್ದೆವು. ಅವರಿಗೆ ಮಕ್ಕಳಿರಲಿಲ್ಲವಾಗಿ ಅವರ ಮನೆಯ ತಿಂಡಿಗೂ ಬೈಗುಳಕ್ಕೂ ನಾನೊಬ್ಬಳೇ ಹಕ್ಕುದಾರಳು.

ಕಾರ್ಖಾನೆ ನಮ್ಮ ಬೀದಿಯ ಹಿಂದಿನ ಗೋಡೆಯ ಆಚೆಗೇ ಇತ್ತು. ಮೂಳೆ, ಗೊರಸು, ಚರ್ಮದ ಚೂರು ಎಲ್ಲವನ್ನೂ ದೊಡ್ಡ ಹಂಡೆಗಳಲ್ಲಿ ಬೇಯಿಸಿ, ಸೋಸಿ, ಒಣಗಿಸಿ, ಬಡಗಿಗಳಿಗೂ ಪುಸ್ತಕ ಕಟ್ಟುವವರಿಗೂ ಬೇಕಾದ ಅಂಟು ಮಾಡುತ್ತಿದ್ದರು. ಅದು ಬೇಯುವಾಗ ಏಳುವ ನಾತವನ್ನು ಬಣ್ಣಿಸಿ ಯಾರ ಊಟವನ್ನೂ ಕೆಡಿಸುವ ಆಸೆ ನನಗಿಲ್ಲ. ಕೊಳೆತ ಮೊಟ್ಟೆಯನ್ನು ನೆನೆಸಿಕೊಳ್ಳಿ, ಸಾಕು. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಹೊರಗೆ ಬಟ್ಟೆ ಒಣಹಾಕುವಂತಿರಲಿಲ್ಲ. ಬಂದ ನೆಂಟರು ಕುರ್ಚಿಯಲ್ಲಿ ಕೂರುವ ಮೊದಲೇ ವಾಪಸು ಹೋಗುವ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುತ್ತಿದ್ದರು. ಬಾಡಿಗೆ ಅಗ್ಗವಿತ್ತು, ಅದಕ್ಕೇ ನಾವೆಲ್ಲ ಅಲ್ಲಿದ್ದೆವು.

ಆಮೇಲೆ ತೊಟ್ಟಿ ಬಂತು. ಹೊರಗಿನಿಂದ ಯಾರೋ ಎಂಜಿನಿಯರ್ ಬಂದು ಕಾರ್ಖಾನೆಯ ಹಿತ್ತಿಲಲ್ಲಿ ಒಂದು ಮನೆಯಷ್ಟು ಅಗಲದ ಕಾಂಕ್ರೀಟ್ ತೊಟ್ಟಿ ಕಟ್ಟಿಸಿದ. ತಳದಲ್ಲಿ ತೂತು ಕೊರೆದ ಪೈಪುಗಳು, ಅದರ ಮೇಲೆ ಎದೆಯುದ್ದ ಮರದ ಚಕ್ಕೆ, ತೊಗಟೆ, ಗೊಬ್ಬರ. ಬೇಯಿಸುವ ಕೊಟ್ಟಿಗೆಯ ಗಾಳಿಯನ್ನೆಲ್ಲ ದೊಡ್ಡ ಫ್ಯಾನು ಎಳೆದುಕೊಂಡು, ನೀರಿನಲ್ಲಿ ತೇವ ಮಾಡಿ, ತಳದಿಂದ ನುಗ್ಗಿಸುತ್ತಿತ್ತು. ಚಕ್ಕೆಯ ಮೈಗೆ ಹತ್ತಿಕೊಂಡ ಕಣ್ಣಿಗೆ ಕಾಣದ ಜೀವಿಗಳು ಆ ನಾತವನ್ನೇ ಊಟ ಮಾಡಿ ಮುಗಿಸುತ್ತಿದ್ದವು. ಮೇಲೆ ಹೊರಬರುವ ಗಾಳಿಗೆ ಒದ್ದೆ ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಇದನ್ನು ಕೇಳಿದಾಗ ಇಡೀ ಬೀದಿ ನಕ್ಕಿತು. ಆರೇಳು ತಿಂಗಳ ನಂತರ ಇಡೀ ಬೀದಿ ಹೊರಗೆ ಬಟ್ಟೆ ಒಣಹಾಕಿತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನಾತ ಹೋದ ಮೇಲೆ ಬಾಡಿಗೆ ಏರಿತು, ಹೊಸಬರು ಬಂದರು, ಬೀದಿಗೆ ಒಂದು ಸಂಘವಾಯಿತು. ಅದಕ್ಕೆ ಹಲ್ಲಿನ ಡಾಕ್ಟರೊಬ್ಬರು ಅಧ್ಯಕ್ಷರಾದರು. ದಿನವಿಡೀ ಇತರರ ಬಾಯೊಳಗೆ ಮೂಗಿಟ್ಟು ಕೂರುವ ಅವರಿಗೆ ಸಂಜೆ ಬಾಲ್ಕನಿಯಲ್ಲಿ ಸ್ವಲ್ಪ ಶುದ್ಧ ಗಾಳಿ ಬೇಕಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವರಿಗೆ ಆ ಗಾಳಿ ಎಲ್ಲಿಂದ ಬರುತ್ತದೆ ಅಂತ ಗೊತ್ತಿರಲಿಲ್ಲ, ಕೇಳುವ ಗೊಡವೆಗೂ ಹೋಗಲಿಲ್ಲ.

ದೊಡ್ಡಪ್ಪ ಮೊದಲು ಹಂಡೆಯ ಉರಿ ನೋಡಿಕೊಳ್ಳುವ ಕೆಲಸದಲ್ಲಿದ್ದ. ತೊಟ್ಟಿಯ ಕೆಲಸ ಯಾರಿಗೂ ಬೇಡವಾಗಿತ್ತು. ಮ್ಯಾನೇಜರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದಾಗ ಉಳಿದವರೆಲ್ಲ ಒಂದೊಂದು ನೆಪ ಹೇಳಿದರು. ನೆಪ ಹುಡುಕಲು ದೊಡ್ಡಪ್ಪನಿಗೆ ಸೋಮಾರಿತನವಾಗಿ ಕೆಲಸ ಅವನ ಪಾಲಿಗೆ ಬಂತು. ಹೀಗೆ ಶುರುವಾದದ್ದು ಬರಬರುತ್ತಾ ಅವನ ಜೀವವೇ ಆಗಿಹೋಯಿತು. ಬೆಳಿಗ್ಗೆ ಹೋಗಿ ತೊಟ್ಟಿಯ ಮೇಲೆ ಹಲಗೆ ಹಾಸಿ, ಅದರ ಮೇಲೆ ನಡೆಯುತ್ತಾ ಅಲ್ಲಲ್ಲಿ ಬಗ್ಗಿ ಮೂಸುತ್ತಿದ್ದ. ಒಂದು ಹಿಡಿ ಚಕ್ಕೆ ಎತ್ತಿ ಹಿಂಡಿ ನೋಡಿ, ಬೆರಳ ಸಂದಿನಲ್ಲಿ ನೀರು ಜಿನುಗಬೇಕೇ ಹೊರತು ಸುರಿಯಬಾರದು ಅನ್ನುತ್ತಿದ್ದ. ಚಕ್ಕೆ ಹುಳಿಯಾದರೆ ಸುಣ್ಣದ ಪುಡಿ ಉದುರಿಸುತ್ತಿದ್ದ. ಹೆಗ್ಗಣ ಬಿಲ ತೋಡಿದರೆ ಗಾಳಿಯೆಲ್ಲ ಅದೇ ದಾರಿ ಹಿಡಿದು ನಾತ ಸೀದಾ ಹೊರಗೆ ಬರುತ್ತದೆಂದು ಬಿಲ ಮುಚ್ಚುತ್ತಿದ್ದ. ಒಳಗಿರುವ ಜೀವಿಗಳಿಗೆ ಅವನು ಇಟ್ಟ ಹೆಸರು 'ನಮ್ಮವು'.

"ತಳದಲ್ಲಿರೋವು ಮೊಟ್ಟೆ ನಾತ ತಿಂತವೆ. ಅದರ ಮೇಲಿರೋವು ಕಣ್ಣು ಉರಿಯೋ ಗಾಳಿ ತಿಂತವೆ. ಒಂದರ ಎಂಜಲು ಇನ್ನೊಂದಕ್ಕೆ ಊಟ. ಸತ್ತವನ್ನ ತಿನ್ನೋಕೆ ಬೇರೆಯವು ಇದಾವೆ. ಜಗಳ ಇಲ್ಲ, ತಂಟೆ ಇಲ್ಲ," ಅಂತ ನನಗೆ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದ. ಮನೆಯೊಳಗೆ ಹೇಳುವಂತಿರಲಿಲ್ಲವಲ್ಲ.

ಇನ್ನು ದೊಡ್ಡಮ್ಮ. ಆಪರೇಷನ್ ಸಾಮಾನು ಬೇಯಿಸುವ ಕೋಣೆ ಅವಳದ್ದು. ಕತ್ತರಿ, ಚಿಮಟ, ಬಟ್ಟೆ ಎಲ್ಲವನ್ನೂ ತೊಳೆದು, ಪೊಟ್ಟಣ ಕಟ್ಟಿ, ಕುಕ್ಕರಿನ ಅಜ್ಜನಂತಿದ್ದ ಒಂದು ಉಕ್ಕಿನ ಯಂತ್ರದಲ್ಲಿಟ್ಟು ಹಬೆಯಲ್ಲಿ ಬೇಯಿಸುವುದು ಅವಳ ಕೆಲಸ. ಅವಳ ಕೈಯಿಂದ ಹೋದ ಸಾಮಾನಿನಿಂದ ಒಬ್ಬ ರೋಗಿಗೂ ಕೀವಾಗಿಲ್ಲ ಅನ್ನುವುದು ಆಸ್ಪತ್ರೆಯಲ್ಲೆಲ್ಲ ಪ್ರಸಿದ್ಧಿ. ಅವಳಿಗೂ ಅದು ಚೆನ್ನಾಗಿ ಗೊತ್ತಿತ್ತು. ಮನೆಯಲ್ಲೂ ಅದೇ ಶಿಸ್ತು. ದೊಡ್ಡಪ್ಪ ಕೆಲಸದಿಂದ ಬಂದರೆ ಹೊರಗಿನ ಬಚ್ಚಲಲ್ಲಿ ಮಿಂದು, ಬಟ್ಟೆಯನ್ನು ಬೇರೆ ಬಕೆಟ್ಟಿಗೆ ಹಾಕಿ, ಅವಳು ಬಾಗಿಲಲ್ಲಿ ನಿಂತು ಮೂಸಿ ಒಪ್ಪಿದ ಮೇಲೆ ಒಳಗೆ ಬರಬೇಕು. ಕಾರ್ಖಾನೆಯ ಗೇಟಿನಲ್ಲೂ ಅಷ್ಟು ತಪಾಸಣೆ ಇರಲಿಲ್ಲ.

ದೊಡ್ಡಪ್ಪನಿಗೆ ಒಂದೇ ಒಂದು ಆಸೆಯಿತ್ತು. ಹೆಂಡತಿ ಒಂದು ಸಲ ಬಂದು ತೊಟ್ಟಿ ನೋಡಬೇಕು. ಅವಳ ಆಸ್ಪತ್ರೆಯನ್ನು ಅವನು ನೋಡಿದ್ದ, ಹೊಗಳಿಯೂ ಇದ್ದ.

"ಒಂದ್ಸಲ ಬಂದು ನೋಡೇ," ಅನ್ನುತ್ತಿದ್ದ.

"ಏನಿದೆ ಅಲ್ಲಿ ನೋಡೋಕೆ? ಗಲೀಜು ತುಂಬಿರೋ ತೊಟ್ಟಿ. ಆ ಗಬ್ಬಿಗೆ ನಾನು ಕಾಲಿಡಲ್ಲ," ಅನ್ನುತ್ತಿದ್ದಳು.

ಅವನು ಬೇಜಾರು ತೋರಿಸುತ್ತಿರಲಿಲ್ಲ. ಆದರೆ ಬೇಜಾರು ಇತ್ತು, ನನಗೆ ಗೊತ್ತು.

ಹೀಗಿರುವಾಗ ದೊಡ್ಡಪ್ಪನಿಗೆ ಹರ್ನಿಯಾ ಆಗಿ ಹೊಟ್ಟೆಯ ಆಪರೇಷನ್ ಮಾಡಬೇಕಾಯಿತು. ದೊಡ್ಡಮ್ಮನ ಆಸ್ಪತ್ರೆಯಲ್ಲೇ. ಅವನ ಹೊಟ್ಟೆ ಕೊಯ್ಯುವ ಸಾಮಾನನ್ನು ಅವಳೇ ಬೇಯಿಸಿ ಕಳಿಸಿದಳು. ಎಲ್ಲರದನ್ನೂ ಒಂದು ಸಲ ಬೇಯಿಸಿದರೆ ಇದನ್ನು ಎರಡು ಸಲ ಬೇಯಿಸಿದಳಂತೆ. ಅವಳ ಪ್ರೀತಿ ಇರುವುದೇ ಹಾಗೆ, ಅದಕ್ಕೆ ಹಬೆ ಬೇಕು.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ರಕ್ತದೊತ್ತಡ ಇಳಿಯಲಿಲ್ಲವೆಂದು ಡಾಕ್ಟರು ಅವನನ್ನು ವಾರವಿಡೀ ಮಲಗಿಸಿಕೊಂಡರು. ಅಷ್ಟರಲ್ಲಿ ಕಾರ್ಖಾನೆಯಿಂದ ಮ್ಯಾನೇಜರು ಫೋನ್ ಮಾಡಿದರು. ತೊಟ್ಟಿಗೆ ನೀರು ಬಿಡುವವರು ಯಾರೂ ಇಲ್ಲ, ಹೇಳಿದ ಆಳುಗಳೆಲ್ಲ ಮೂಗು ಮುರಿಯುತ್ತಾರೆ, ಏನು ಮಾಡೋಣ ಅಂತ. ದೊಡ್ಡಪ್ಪ ಹೆಂಡತಿಯ ಮುಖ ನೋಡಿದ. ರೋಗಿಯ ಕೋರಿಕೆಗೆ ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

"ತೊಟ್ಟಿ ಪಕ್ಕದಲ್ಲಿ ನೀರಿನ ಟ್ಯಾಂಕ್ ಇದೆ. ಅದರ ಕೆಳಗಿನ ತಿರುಪು ತಿರುಗಿಸಿದ್ರೆ ಮೇಲಿನ ಪೈಪಿಂದ ನೀರು ಚಿಮ್ಮುತ್ತೆ. ಸ್ವಲ್ಪ ಹೊತ್ತು ಬಿಟ್ಟು ನಿಲ್ಲಿಸು. ಮತ್ತೇನೂ ಮಾಡ್ಬೇಡ," ಅಂದ.

ಗಂಡ 'ಮತ್ತೇನೂ ಮಾಡಬೇಡ' ಅಂದ ಕಡೆಯಲ್ಲೆಲ್ಲ ಏನಾದರೂ ಮಾಡಿಯೇ ದೊಡ್ಡಮ್ಮ ಅಷ್ಟು ವರ್ಷ ಸಂಸಾರ ನಡೆಸಿದ್ದಳು. ಇಲ್ಲದಿದ್ದರೆ ಆ ಮನೆ ಯಾವತ್ತೋ ಕುಸಿಯುತ್ತಿತ್ತು ಅನ್ನುವುದೂ ಸುಳ್ಳಲ್ಲ.

ಅವಳು ದಿನಾ ಕೆಲಸ ಮುಗಿಸಿ ಕಾರ್ಖಾನೆಗೆ ಹೋಗಿ ಬರುತ್ತಿದ್ದಳು. ಹೇಗಿದೆ ಅಂತ ಕೇಳಿದರೆ "ಇದೆ" ಅನ್ನುತ್ತಿದ್ದಳು. ಡಿಸ್ಚಾರ್ಜ್ ಆಗುವ ದಿನ ಹಾಸಿಗೆಯ ಪಕ್ಕ ಕೂತು, ಬಚ್ಚಿಟ್ಟ ಉಡುಗೊರೆ ತೆಗೆಯುವವರ ಮುಖ ಮಾಡಿಕೊಂಡು ವಿಷಯ ತೆಗೆದಳು. ನಾನು ಅಲ್ಲೇ ಕಿತ್ತಳೆ ಸುಲಿಯುತ್ತಿದ್ದೆ.

"ರೀ, ಆ ನೀರಿನ ಟ್ಯಾಂಕ್ ಒಳಗೆ ಯಾವತ್ತಾದ್ರೂ ಇಣುಕಿ ನೋಡಿದೀರಾ? ಪಾಚಿ ಕಟ್ಟಿ ಲೋಳೆ ಲೋಳೆ. ಮೊದಲನೇ ದಿನವೇ ಉಜ್ಜಿ ತೊಳೆದೆ. ಅಂಗಡಿಯಿಂದ ಒಂದು ಚೀಲ ಬ್ಲೀಚಿಂಗ್ ಪೌಡರ್ ತಂದು ಕಲಸಿದೆ, ನಮ್ಮಲ್ಲಿ ವಾರ್ಡಿನ ನೆಲಕ್ಕೆ ಹಾಕೋ ಹದಕ್ಕೇ. ದಿನಾ ಅದನ್ನೇ ಬಿಟ್ಟಿದೀನಿ. ಅಣಬೆ ಬೇರೆ ಎದ್ದಿದ್ವು, ಒಂದೂ ಬಿಡದೆ ಕಿತ್ತೆ. ಈಗ ಹೋಗಿ ನೋಡಿ. ನಿಮ್ಮ ತೊಟ್ಟಿ ಹತ್ರ ಆಪರೇಷನ್ ಥಿಯೇಟರಿನ ವಾಸನೆ ಬರುತ್ತೆ."

ದೊಡ್ಡಪ್ಪ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ.

"ಸುಸ್ತಾಗಿರ್ಬೇಕು ನಿಂಗೆ," ಅಂದ. "ಕಿತ್ತಳೆ ತಿನ್ನು."

ಅವಳು ಬಿಲ್ಲು ವಿಚಾರಿಸಲು ಹೊರಗೆ ಹೋದಳು. ದೊಡ್ಡಪ್ಪನ ಕಣ್ಣಲ್ಲಿ ನೀರಿತ್ತು. ಹೊಲಿಗೆ ನೋಯುತ್ತಿದೆ ಅಂದ. ಹೊಲಿಗೆ ಇದ್ದದ್ದು ಹೊಟ್ಟೆಯ ಮೇಲೆ, ಅವನು ಕೈಯಿಟ್ಟುಕೊಂಡದ್ದು ಎದೆಯ ಮೇಲೆ.

"ಎಲ್ಲಾ ಸತ್ತಿರ್ತವೆ," ಅಂದ. "ಔಷಧಿ ಹೊಡೆದ ಹಾಗಾಯ್ತು. ಇನ್ನು ನಾಲ್ಕು ದಿನಕ್ಕೆ ಬೀದಿ ತುಂಬಾ ನಾತ."

"ದೊಡ್ಡಮ್ಮನಿಗೆ ಹೇಳಲ್ವಾ?"

"ಇಲ್ಲ. ನೀನೂ ಹೇಳ್ಬಾರ್ದು. ತೊಟ್ಟಿ ಕೆಲಸ ಸಿಕ್ಕಿದಾಗಿಂದ ಬಾ ಬಾ ಅಂತಿದ್ದೆ. ಬಂದಿದ್ದು ಇದೊಂದ್ಸಲ. ಬಂದು ಕೈಲಾದಷ್ಟು ಚೆನ್ನಾಗಿ ಮಾಡಿ ಹೋಗಿದಾಳೆ. ನಾನು ಸಾಕಿದ್ದನ್ನ ಅವಳೇ ಕೊಂದಳು ಅಂತ ತಿಳಿದ್ರೆ, ಆಮೇಲೆ ಅವಳಿಗೆ ನನ್ನ ಮುಖ ನೋಡೋಕೂ ಆಗಲ್ಲ. ಬೇಡ."

ನಾನು ಬಾಯಿ ಹೊಲಿದುಕೊಂಡೆ. ನನಗೆ ಅದು ಸರಿ ಅನ್ನಿಸಿರಲಿಲ್ಲ, ಆದರೆ ಆಪರೇಷನ್ ಆದವನ ಜೊತೆ ವಾದ ಮಾಡುವುದು ಹೇಗೆ?

ಅವನು ಹೇಳಿದಂತೆಯೇ ನಾತ ಬಂತು. ಮೊದಲು ಹಿತ್ತಿಲ ಕಡೆಯ ಮನೆಗಳಿಗೆ, ಆಮೇಲೆ ಎದುರು ಸಾಲಿಗೆ. ಹಳಬರು ಹಳೆಯ ಅಭ್ಯಾಸದಂತೆ ಬಟ್ಟೆ ಒಳಗೆ ತಂದರು. ಹೊಸಬರು ಸಂಘದ ಸಭೆ ಕರೆದರು. ಹಲ್ಲಿನ ಡಾಕ್ಟರು ಮಾಲಿನ್ಯ ಇಲಾಖೆಗೆ ದೂರು ಕೊಟ್ಟರು. ದೊಡ್ಡಪ್ಪನ ಮನೆಯ ಬಾಗಿಲಿಗೂ ಒಂದಿಷ್ಟು ಜನ ಬಂದರು. ಅವರನ್ನು ಎದುರುಗೊಂಡವಳು ದೊಡ್ಡಮ್ಮ.

"ತೊಟ್ಟಿಯಿಂದ ಬರೋಕೆ ಸಾಧ್ಯವೇ ಇಲ್ಲ. ನಾನೇ ಕೈಯಾರೆ ತೊಳೆದು ಬಂದಿದೀನಿ," ಅಂದಳು.

ಅವಳು ತೊಳೆದದ್ದು ಅಂದರೆ ಬೀದಿಯಲ್ಲಿ ಎರಡನೇ ಮಾತಿಲ್ಲ. ಜನ ಚರಂಡಿಯ ಮೇಲೆ ಅನುಮಾನಪಟ್ಟು ವಾಪಸು ಹೋದರು. ಒಳಗೆ ಕೂತಿದ್ದ ದೊಡ್ಡಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಪೇಪರಿನ ಅದೇ ಪುಟವನ್ನು ಮತ್ತೆ ಓದಿದ.

"ಯಾಕೋ ಜೋರಾಗೇ ಬರ್ತಿದೆ ರೀ. ಇನ್ನೊಂದ್ಸಲ ಹೋಗಿ ತೊಳೆದು ಬರ್ಲಾ?" ಅಂತ ಅವಳು ಬಂದು ಕೇಳಿದಳು.

"ಬೇಡ," ಅಂತ ದೊಡ್ಡಪ್ಪ ಎಷ್ಟು ಬೇಗ ಎದ್ದನೆಂದರೆ ಹೊಟ್ಟೆ ಹಿಡಿದುಕೊಂಡು ಮತ್ತೆ ಕೂರಬೇಕಾಯಿತು. "ಗಾಳಿ ದಿಕ್ಕು ಬದಲಾಗಿದೆ ಅಷ್ಟೇ."

ಮ್ಯಾನೇಜರಿಗೆ ಮಾತ್ರ ಗಾಳಿಯ ದಿಕ್ಕಿನ ಕಥೆ ಸಾಲಲಿಲ್ಲ. ಟ್ಯಾಂಕಿನ ನೀರಿಗೆ ಬ್ಲೀಚಿಂಗ್ ವಾಸನೆ ಹೊಡೆಯುತ್ತಿದ್ದುದು ಅವರ ಮೂಗಿಗೂ ಗೊತ್ತಾಗಿತ್ತು. ಇದು ಯಾರ ಕೆಲಸ ಅಂತ ಕೇಳಿದಾಗ ದೊಡ್ಡಪ್ಪ, "ನಂದೇ. ಆಸ್ಪತ್ರೆಗೆ ಹೋಗೋ ಮುಂಚೆ ಪಾಚಿ ಹೋಗ್ಲಿ ಅಂತ ನಾನೇ ಹಾಕಿದ್ದೆ. ನಮ್ಮ ಮನೆಯವಳು ಪಾಪ ತಿರುಪು ತಿರುಗಿಸಿದ್ದು ಅಷ್ಟೇ," ಅಂದ. ಮ್ಯಾನೇಜರು ತಲೆ ಮೇಲೆ ಕೈಹೊತ್ತು ಕೂತರು. ಇಲಾಖೆಯವರು ಬೇಯಿಸುವ ಕೊಟ್ಟಿಗೆಗೆ ಬೀಗ ಹಾಕಿದರೆ ಯಾರನ್ನಾದರೂ ಹೊಣೆ ಮಾಡಿ ಮನೆಗೆ ಕಳಿಸಲೇಬೇಕು, ಅದು ನೀನೇ ಆಗ್ತೀಯ ಅಂತ ಹೇಳಿದರು. ದೊಡ್ಡಪ್ಪ ಸರಿ ಅಂದ.

ಸರಿ ಅಂದು ಸುಮ್ಮನೆ ಕೂತಿದ್ದರೆ ಕಥೆ ಬೇರೆಯಾಗುತ್ತಿತ್ತು. ಟ್ಯಾಂಕಿನ ನೀರು ಬದಲಿಸಿ, ಕೊಳಚೆ ನೀರು ಶುದ್ಧ ಮಾಡುವ ಕಡೆಯಿಂದ ಇಂಥವೇ ಜೀವಿಗಳಿರುವ ಒಳ್ಳೆಯ ಕಪ್ಪು ಕೆಸರು ತಂದು ಬೀಜಕ್ಕೆ ಹಾಕಿದರೆ ತೊಟ್ಟಿ ಮತ್ತೆ ಹಿಡಿಯಬಹುದು ಅಂತ ಅವನ ಲೆಕ್ಕ. ಡಾಕ್ಟರು ತೂಕ ಎತ್ತಬಾರದು ಅಂದಿದ್ದರು. ದೊಡ್ಡಪ್ಪ ವಾಕಿಂಗ್ ಅಂತ ಮನೆಯಲ್ಲಿ ಹೇಳಿ ಕಾರ್ಖಾನೆಗೆ ಹೋಗುತ್ತಿದ್ದ. ಆಳುಗಳು ಕೆಸರಿನ ಚೀಲವನ್ನು ಗೇಟಿನ ಹತ್ತಿರ ಇಳಿಸಿ ಮೂಗು ಮುಚ್ಚಿಕೊಂಡು ಓಡಿದರೆ, ಅಲ್ಲಿಂದ ತೊಟ್ಟಿಯವರೆಗೆ ಇವನೇ ಹೊರುತ್ತಿದ್ದ. ಆಮೇಲೆ ಕಾರ್ಖಾನೆಯಲ್ಲೇ ಸೋಪು ಹಚ್ಚಿ ಮಿಂದು, ವಾಕಿಂಗ್ ಮುಗಿಸಿದವನ ಹಾಗೆ ಬರುತ್ತಿದ್ದ. ಮನೆಯಲ್ಲಿ ಇದೂ ನನಗೊಬ್ಬಳಿಗೇ ಗೊತ್ತಿತ್ತು.

ಒಂದು ದಿನ ಹೊಲಿಗೆಯ ಜಾಗ ಕೆಂಪಾಗಿ ಊದಿ, ಕೀವು ಜಿನುಗಿತು.

ಪಟ್ಟಿ ಬದಲಾಯಿಸುತ್ತಿದ್ದ ದೊಡ್ಡಮ್ಮ ಅದನ್ನು ನೋಡಿದಳು. ಪಟ್ಟಿ ಕಟ್ಟಿ, ಕೈತೊಳೆದುಕೊಂಡು, ಅಡುಗೆಮನೆಯಲ್ಲಿ ಹೋಗಿ ನಿಂತಳು. ನಾನು ಹಿಂದೆಯೇ ಹೋದೆ.

"ನನ್ನ ಕತ್ತರಿ," ಅಂದಳು. "ಎರಡೆರಡು ಸಲ ಬೇಯಿಸಿದ್ದೆ. ಆದ್ರೂ ಎಲ್ಲೋ ತಪ್ಪಿದೀನಿ. ಯಾರಿಗೂ ಆಗದೇ ಇದ್ದದ್ದು ಇವರಿಗೇ ಆಗ್ಬೇಕಾ?"

ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಪಾಡು ನನ್ನದು. ಉಗುಳಿದರೆ ಅವನಿಗೆ ಕೊಟ್ಟ ಮಾತು ಹೋಗುತ್ತದೆ, ನುಂಗಿದರೆ ಇವಳು ಕೊರಗುತ್ತಾಳೆ. ಹೇಡಿಯ ಹಾಗೆ ನುಂಗಿದೆ.

ಅವಳು ಕೊರಗಿದ್ದು ಸುಳ್ಳಲ್ಲ. ಆಸ್ಪತ್ರೆಯಲ್ಲಿ ಯಂತ್ರವನ್ನು ಬಿಚ್ಚಿಸಿ ಪರೀಕ್ಷೆ ಮಾಡಿಸಿದಳು, ಯಂತ್ರ ಸರಿಯಾಗಿತ್ತು. ಹಾಗಾದರೆ ತಪ್ಪು ತನ್ನ ಕೈಯದ್ದೇ ಅಂತ ತೀರ್ಮಾನಿಸಿದಳು. ತಟ್ಟೆಗೆ ಬಡಿಸುವಾಗ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಕೊನೆಗೆ ಹೋಗಿ ದೊಡ್ಡ ನರ್ಸಿನ ಹತ್ತಿರ, ನನ್ನನ್ನು ಆ ಕೋಣೆಯಿಂದ ತೆಗೆದು ಹೊದಿಕೆ ಮಡಿಸುವ ಕಡೆ ಹಾಕಿ, ನನ್ನ ಮೇಲೆ ನನಗೇ ನಂಬಿಕೆ ಹೋಗಿದೆ ಅಂತ ಕೇಳಿಕೊಂಡಳು. ವಿಚಾರ ಮಾಡೋಣ ಅಂದರಂತೆ. ಇದನ್ನು ಅವಳು ಊಟದ ಹೊತ್ತಿನಲ್ಲಿ, ನಾಳೆ ಹಾಲಿನವನು ಬರಲ್ಲ ಅನ್ನುವ ದನಿಯಲ್ಲಿ ಹೇಳಿದಳು.

ದೊಡ್ಡಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಉಪಕಾರ ಮಾಡಲು ಹೋಗಿ ಉಪದ್ರವ ಅಂದರೆ ಇದೇ. ಒಂದು ನೋವಿನಿಂದ ಅವಳನ್ನು ಉಳಿಸಲು ಹೋಗಿ, ಅದಕ್ಕಿಂತ ದೊಡ್ಡದನ್ನು ಅವಳ ತಲೆಗೆ ಕಟ್ಟಿದ್ದ.

"ಹೇಳಿಬಿಡು ದೊಡ್ಡಪ್ಪ," ಅಂದೆ ಮೆಟ್ಟಿಲ ಮೇಲೆ.

"ಹೇಳ್ತೀನಿ. ನಾಳೆ ಹೇಳ್ತೀನಿ."

ಅವನ ನಾಳೆಗಳ ಮೇಲೆ ನನಗೆ ಭರವಸೆ ಇರಲಿಲ್ಲ. ಅಷ್ಟರಲ್ಲಿ ಇಲಾಖೆಯ ವಿಚಾರಣೆಯ ದಿನ ಬಂತು.

ವಿಚಾರಣೆ ನಡೆದದ್ದು ಬೀದಿ ಸಂಘದ ಸಭಾಂಗಣದಲ್ಲಿ. ಮದುವೆಗೆ ಬಾಡಿಗೆ ಕೊಡುವ ಕೆಂಪು ಕುರ್ಚಿಗಳನ್ನು ಹಾಕಿದ್ದರು. ಮುಂದೆ ಇಲಾಖೆಯ ಅಧಿಕಾರಿ, ಕನ್ನಡಕದ, ನಿಧಾನಕ್ಕೆ ಮಾತಾಡುವ ಹೆಂಗಸು. ಅವರ ಪಕ್ಕದಲ್ಲಿ ಮ್ಯಾನೇಜರು. ಹಲ್ಲಿನ ಡಾಕ್ಟರು ನಾತದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅದೇ ನಾತದಲ್ಲಿ ಕೂತು ಕೇಳುತ್ತಿದ್ದ ನಮಗೆ ಹೊಸ ವಿಷಯವೇನೂ ಇರಲಿಲ್ಲ. ದೊಡ್ಡಪ್ಪ ಮೊದಲನೇ ಸಾಲಿನಲ್ಲಿ ಹೊಟ್ಟೆಗೆ ಕೈ ಆನಿಸಿ ಕೂತಿದ್ದ. ದೊಡ್ಡಮ್ಮ ನಾಲ್ಕು ಸಾಲು ಹಿಂದೆ ನನ್ನ ಪಕ್ಕದಲ್ಲಿ.

"ತೊಟ್ಟಿ ಕೆಟ್ಟಿಲ್ಲ," ಅಂದರು ಅಧಿಕಾರಿ. "ತೊಟ್ಟಿಯೊಳಗಿನ ಜೀವಿಗಳು ಸತ್ತಿದಾವೆ. ದೂರು ಬಂದ ತಕ್ಷಣವೇ ನೀರು ಪರೀಕ್ಷೆ ಮಾಡ್ಸಿದೀವಿ. ಬ್ಲೀಚಿಂಗ್ ಪೌಡರ್ ಕಲಸಿದಾರೆ, ಆಸ್ಪತ್ರೆ ನೆಲ ಒರೆಸೋಕೆ ಹಾಕ್ತಾರಲ್ಲ, ಅಷ್ಟು ಗಟ್ಟಿಯಾಗಿ. ಅದನ್ನ ದಿನಾ ಚಿಮುಕಿಸಿದ್ರೆ ಯಾವ ಜೀವ ಉಳಿಯುತ್ತೆ?"

ನನ್ನ ಪಕ್ಕದಲ್ಲಿ ದೊಡ್ಡಮ್ಮ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

"ಯಾರು ಹಾಕಿದ್ದು?"

ದೊಡ್ಡಪ್ಪ ಎದ್ದು ನಿಂತ. "ನಾನೇ ಮೇಡಂ."

"ಹೌದು ಮೇಡಂ, ಅವನೇ ಒಪ್ಕೊಂಡಿದಾನೆ," ಅಂದರು ಮ್ಯಾನೇಜರು. ಆಮೇಲೆ, ಮನುಷ್ಯ ಕೆಟ್ಟವರಲ್ಲ, ಒಂದು ಒಳ್ಳೆಯ ಮಾತೂ ಇರಲಿ ಅಂತ ಸೇರಿಸಿದರು. "ಆದ್ರೆ ಸರಿಮಾಡೋಕೂ ಒದ್ದಾಡ್ತಿದಾನೆ. ಆಪರೇಷನ್ ಆದ ಹೊಟ್ಟೆ ಇಟ್ಕೊಂಡು ದಿನಾ ಬಂದು ಕೆಸರಿನ ಮೂಟೆ ಹೊರ್ತಿದಾನೆ. ಬೇಡ ಅಂದ್ರೂ ಕೇಳಲ್ಲ."

ದೊಡ್ಡಮ್ಮ ಎದ್ದಳು. ಅವಳು ಎದ್ದದ್ದಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಇವರು ಸುಳ್ಳು ಹೇಳ್ತಿದಾರೆ," ಅಂದಳು. "ಇವರಿಗೆ ಬ್ಲೀಚಿಂಗ್ ಪೌಡರ್ ಬಿಳಿ ಇರುತ್ತೋ ಕಪ್ಪು ಇರುತ್ತೋ ಗೊತ್ತಿಲ್ಲ. ನಮ್ಮನೇಲಿ ಬಕೆಟ್ ಎಲ್ಲಿಡ್ತೀವಿ ಅಂತ ಕೇಳಿ, ಅದೂ ಗೊತ್ತಿಲ್ಲ. ಹುಟ್ಟಿದಾಗಿಂದ ಒಂದು ಲೋಟ ತೊಳೆದವರಲ್ಲ ಇವರು, ಟ್ಯಾಂಕ್ ತೊಳೀತಾರಾ? ಹಾಕಿದ್ದು ನಾನು."

ಅವಳ ಸಾಕ್ಷ್ಯವನ್ನು ಯಾರೂ ಅನುಮಾನಿಸಲಿಲ್ಲ. ದೊಡ್ಡಪ್ಪ ತಲೆ ತಗ್ಗಿಸಿ ನಿಂತಿದ್ದ. ಅವಳು ಅಧಿಕಾರಿಯ ಕಡೆ ಬೆನ್ನು ಹಾಕಿ ಅವನ ಕಡೆ ತಿರುಗಿದಳು.

"ಮೂಟೆ ಹೊತ್ರಾ?"

"ಸಣ್ಣವು," ಅಂದ.

"ಹೊಲಿಗೆ ಕೀವಾಗಿದ್ದು ಅದಕ್ಕಾ?"

"ಹ್ಞೂಂ."

"ಹಾಗಾದ್ರೆ ಕತ್ತರಿ ಸರಿಯಿತ್ತು."

"ಸರಿಯಿತ್ತು ಕಣೇ. ನಿನ್ನ ಕತ್ತರಿ ಯಾವಾಗ ತಪ್ಪಿದೆ?"

ಅವಳು ಕೂರಲು ಹೋದಳು, ಕುರ್ಚಿ ಇರಲಿಲ್ಲ. ನಾನು ಹಿಡಿದುಕೊಂಡೆ. ನನ್ನ ಹೆಗಲ ಮೇಲೆ ಅವಳು ಅತ್ತದ್ದು ಸಮಾಧಾನಕ್ಕೋ ದುಃಖಕ್ಕೋ ಹೇಳಲಾರೆ. ಎರಡೂ ಒಟ್ಟಿಗೇ ಬಂದಿದ್ದವು, ಯಾವುದು ಮೊದಲು ಅಂತ ಅವಳಿಗೇ ಗೊತ್ತಿರಲಿಲ್ಲ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ತೊಟ್ಟಿಯನ್ನು ಮತ್ತೆ ಹಿಡಿಸಲು ಕಾಲಾವಕಾಶ ಕೊಡೋಣ, ಅಲ್ಲಿಯವರೆಗೆ ಬೇಯಿಸುವುದನ್ನು ಕಡಿಮೆ ಮಾಡಿ ಅಂದರು. ಹಿಡಿಸಬಲ್ಲವನು ಇವನೊಬ್ಬನೇ ಇರುವಾಗ ಇವನನ್ನು ಮನೆಗೆ ಕಳಿಸುವ ಮಾತು ಬೇಡ ಅಂತಲೂ ಮ್ಯಾನೇಜರಿಗೆ ಹೇಳಿದರು. ಹಲ್ಲಿನ ಡಾಕ್ಟರಿಗೆ ಇನ್ನೂ ಮಾತಿತ್ತು, ಆದರೆ ಜನ ಎದ್ದುಬಿಟ್ಟಿದ್ದರು.

ಹೊರಗೆ ಬಂದ ಮೇಲೆ ದೊಡ್ಡಮ್ಮ ಮನೆಯ ಕಡೆ ತಿರುಗಲಿಲ್ಲ.

"ನಿಮ್ಮದು ಅಂತ ಇದ್ದಿದ್ದೇ ಅದೊಂದು," ಅಂದಳು. "ಅದನ್ನೂ ಕೊಂದೆ. ಎಲ್ಲಾ ಸತ್ತುಹೋದ್ವಾ?"

ದೊಡ್ಡಪ್ಪ ಕಾರ್ಖಾನೆಯ ಕಡೆ ತಿರುಗಿ, "ಬಾ," ಅಂದ.

ನಾವು ಮೂವರೂ ಕಾರ್ಖಾನೆಯ ಹಿತ್ತಿಲಿಗೆ ಹೋದೆವು. ನಾತ ಕಣ್ಣಿಗೆ ಹತ್ತುತ್ತಿತ್ತು. ಅವನು ಹಲಗೆಯ ಮೇಲೆ ಮುಂದೆ ನಡೆದ, ಅವಳು ಹಿಂದೆ. ತೊಟ್ಟಿಯ ತುದಿಯ ಒಂದು ಮೂಲೆಯಲ್ಲಿ ನಿಂತು ಅವನು ಒಂದು ಹಿಡಿ ಕಪ್ಪು ಚಕ್ಕೆ ತೆಗೆದು ಅವಳ ಮೂಗಿನ ಹತ್ತಿರ ಹಿಡಿದ. ಅವಳು ಮುಖ ತಿರುಗಿಸಲಿಲ್ಲ.

"ಮಣ್ಣಿನ ವಾಸನೆ," ಅಂದಳು. "ನಾತ ಇಲ್ಲ ಇಲ್ಲಿ."

"ಇಲ್ಲಿರೋವು ಬದುಕಿದಾವೆ. ನಾನೂ ನಿನ್ನೆಯೇ ನೋಡಿದ್ದು. ಬರೀ ಕೆಸರಿಂದ ಆಗಲ್ಲ ಅಂತ ಕೈಬಿಟ್ಟಿದ್ದೆ. ಇವಿದ್ರೆ ಆಗುತ್ತೆ. ಈ ಊಟ ರೂಢಿ ಇರೋವು ಇವು."

"ಇಲ್ಲಿ ಯಾಕೆ ಸತ್ತಿಲ್ಲ?"

ದೊಡ್ಡಪ್ಪ ಮೇಲಿನ ಪೈಪು ನೋಡಿದ, ಕೆಳಗೆ ನೋಡಿದ. ವಿಚಾರಣೆಯಲ್ಲೂ ಅವನು ಅಷ್ಟು ಅಂಜಿರಲಿಲ್ಲ.

"ಈ ಮೂಲೆಗೆ ನೀರು ಚಿಮ್ಮೋ ತೂತು ಕಟ್ಕೊಂಡಿದೆ. ನೀನು ಬಿಟ್ಟ ನೀರು ಇಲ್ಲಿಗೆ ಬಿದ್ದಿಲ್ಲ. ಕೆಳಗಿನ ಹಸಿಗಾಳೀಲೇ ಹೇಗೋ ಬದುಕ್ಕೊಂಡಿವೆ."

"ಯಾವಾಗಿಂದ ಕಟ್ಕೊಂಡಿದೆ?"

"ಬಹಳ ದಿನ ಆಯ್ತು."

"ರಿಪೇರಿ ಮಾಡಿಲ್ವಾ?"

"ನಾಳೆ ಮಾಡೋಣ, ನಾಳೆ ಮಾಡೋಣ ಅಂತ..."

ನಾನು ಕಣ್ಣು ಮುಚ್ಚಿಕೊಂಡೆ. ಅವರ ಮನೆಯ ಕಿಟಕಿಯ ಚಿಲಕ, ಬಚ್ಚಲಿನ ನಲ್ಲಿ, ಅಟ್ಟದ ಏಣಿ, ಎಲ್ಲವೂ ಇದೇ ನಾಳೆಗಾಗಿ ಕಾಯುತ್ತಿದ್ದವು. ಆ ನಾಳೆಯ ಹೆಸರಿನಲ್ಲಿ ನಡೆದ ಜಗಳಗಳನ್ನು ನಾನು ಮೇಲಿನ ಮನೆಯಿಂದಲೇ ಕೇಳಿ ಬೆಳೆದವಳು.

ಬೈಗುಳ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ದೊಡ್ಡಮ್ಮ ಎರಡೂ ಕೈ ಒಡ್ಡಿ, ಗ್ಲೌಸಿಲ್ಲದ ಬರಿಗೈಯಲ್ಲಿ, ಆ ಹಿಡಿ ಚಕ್ಕೆಯನ್ನು ಅವನಿಂದ ಇಸಿದುಕೊಳ್ಳುತ್ತಿದ್ದಳು.

"ಸದ್ಯ, ನೀವು ಮಾಡ್ಲಿಲ್ಲ," ಅಂದಳು.

ಆಮೇಲೆ ಅದನ್ನು ಎಲ್ಲಿ ಹಾಕಬೇಕು ಅಂತ ಕೇಳಿದಳು. ಅವನು ತೋರಿಸಿದ. ಕತ್ತಲಾಗುವವರೆಗೂ ಆ ಮೂಲೆಯಿಂದ ಹಿಡಿ ಹಿಡಿಯಾಗಿ ತೆಗೆದು ತೊಟ್ಟಿಯ ಉದ್ದಕ್ಕೂ ಬಿತ್ತಿದರು. ಕೆಸರಿನ ಚೀಲಗಳನ್ನು ಮಾತ್ರ ಅವಳೇ ಹೊತ್ತಳು, ಅವನಿಗೆ ಮುಟ್ಟಲು ಬಿಡಲಿಲ್ಲ.